ಕೊಡ ಬೇಡ, ನಡಿಗೆ ಬೇಕು



ನಮ್ಮ ಭದ್ರಾವತಿ ಕೇಂದ್ರಕ್ಕೆ ಒಬ್ಬ ಅಕ್ಕ ಬರ್ತಾರೆ. ಅವರಿಗೆ ಬಹಳ ದಿನದ ಬೆನ್ನುನೋವು, ಸುಸ್ತು. "ಕೆಲಸದ ನೋವು, ಎಣ್ಣೆ ತಿಕ್ಕಿ" ಅಂದೆವು ನಾವು. ನಾವು ಹೇಳಿದ್ದು ತಪ್ಪು. ಶಿವಮೊಗ್ಗದಲ್ಲಿ ಪರೀಕ್ಷೆ ಆಯಿತು. ಅದು ಮೂಳೆಯೊಳಗಿನ ಮಜ್ಜೆಯ ಕ್ಯಾನ್ಸರ್. ಹೆಸರು ಮಲ್ಟಿಪಲ್ ಮೈಲೋಮಾ. ಇದು ಮೂಳೆ ಸವೆಸುತ್ತದೆ, ರಕ್ತ ಕಡಿಮೆ ಮಾಡುತ್ತದೆ. ಕಿಡ್ನಿಗೂ ಪೆಟ್ಟು. ಆದರೆ ಮುಟ್ಟಿದರೆ ಅಂಟುವುದಿಲ್ಲ.

ಪೂರ್ತಿ ವಾಸಿ ಆಗೋದು ಕಷ್ಟ. ಇಂಜೆಕ್ಷನ್, ಮಾತ್ರೆಯಿಂದ ಹತೋಟಿಯಲ್ಲಿ ಇಡಬಹುದು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಕ್ಯಾನ್ಸರಿಗೆ ಚಿಕಿತ್ಸೆ ಕೊಡುತ್ತಿದೆ.

"ಇನ್ನು ಮೂಲೇಲಿ ಕೂತ್ಕೋ" ಅಂದರು ಮನೆಯವರು. ಡಾಕ್ಟರು ಹಾಗನ್ನಲಿಲ್ಲ. "ದಿನಾ ನಡೀರಿ. ಕೊಡ ಹೊರಬೇಡಿ. ನೀರು ಚೆನ್ನಾಗಿ ಕುಡೀರಿ. ಜ್ವರ ಬಂದರೆ ಅವತ್ತೇ ಬನ್ನಿ. ಕೇಳದೆ ನೋವಿನ ಮಾತ್ರೆ ನುಂಗಬೇಡಿ" ಅಂದರು.

ಈಗ ಕೊಡ ಹೊರೋದು ಮಗ. ಅಕ್ಕ ಬೆಳಿಗ್ಗೆ ನಡೀತಾರೆ. ಕೂತು ಸೊಪ್ಪು ಬಿಡಿಸ್ತಾರೆ. ಸುಸ್ತಾದ ದಿನ ಮಲಗ್ತಾರೆ. ಇಂಜೆಕ್ಷನ್ ದಿನ, ಮಾತ್ರೆ ಹೊತ್ತು ಎರಡನ್ನೂ ತಾವೇ ಪುಸ್ತಕದಲ್ಲಿ ಬರೀತಾರೆ. ಕಲಿತ ಅಕ್ಷರ ಕೈ ಹಿಡಿಯಿತು.

ವಾರಗಟ್ಟಲೆ ಮೂಳೆನೋವು ಹೋಗದಿದ್ದರೆ ಸುಮ್ಮನಿರಬೇಡಿ. ಆಸ್ಪತ್ರೆಗೆ ತೋರಿಸಿ, ರಕ್ತ ಪರೀಕ್ಷೆ ಕೇಳಿ. ನೋವು ನುಂಗಿ ದುಡಿಯೋದು ದೊಡ್ಡಸ್ತಿಕೆ ಅಲ್ಲ.