ಶುಂಠಿ ಖಾರದ ಪಾನಕ

ಬುಟಿಬೋರಿ ನಾಗಪುರದಿಂದ ವಾರ್ಧಾ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ದೂರದ ಕೈಗಾರಿಕಾ ಊರು. ಚೈತ್ರದಲ್ಲೇ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದುಂಟು. ರಾಮನವಮಿಗೆ ನಾನು ಇಲ್ಲೂ ಅಜ್ಜಿಯ ಕ್ರಮದಲ್ಲೇ ಪಾನಕ ಮಾಡುತ್ತೇನೆ. ಬೆಲ್ಲ ಕುಟ್ಟಿ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಏಲಕ್ಕಿ, ಕಾಳುಮೆಣಸು, ನಿಂಬೆರಸ. ಒಣಶುಂಠಿ ಕೊನೆಗೆ, ಗಂಟಲಿಗೆ ಚುರುಕ್ಕೆನ್ನುವಷ್ಟು. "ಬರೀ ಸಿಹಿ ಕುಡಿದ್ರೆ ದಾಹ ಹೆಚ್ಚುತ್ತೆ ಮಗಾ" ಅನ್ನುತ್ತಿದ್ದರು ಅಜ್ಜಿ. ಮೊದಲ ಲೋಟ ರಾಮನಿಗೆ, ಆಮೇಲೆ ಬಾಗಿಲಿಗೆ ಬಂದವರಿಗೆ. ಮನೆಯವರ ಸರದಿ ಕಡೆಗೆ. ಇದರಲ್ಲಿ ಅಜ್ಜಿ ಮೊಮ್ಮಕ್ಕಳಿಗೂ ರಿಯಾಯಿತಿ ಕೊಟ್ಟವರಲ್ಲ.

ಇಲ್ಲಿನ ಮರಾಠಿ ಮನೆಗಳಲ್ಲಿ ಇದೇ ಚೈತ್ರದಲ್ಲಿ ಗೌರಿಯನ್ನು ಕೂರಿಸಿ, ಅಕ್ಷಯ ತೃತೀಯೆಯವರೆಗೂ ಅರಿಶಿನ ಕುಂಕುಮಕ್ಕೆ ಕರೆಯುತ್ತಾರೆ. ಕೊಡುವುದು ಬೇಯಿಸಿದ ಮಾವಿನಕಾಯಿಯ ಪನ್ಹೆ. ಜೊತೆಗೆ ನೆನೆಸಿದ ಕಡಲೆಬೇಳೆಯನ್ನು ತರಿತರಿಯಾಗಿ ರುಬ್ಬಿ, ಮಾವಿನಕಾಯಿ ತುರಿ ಬೆರೆಸಿ, ಒಗ್ಗರಣೆ ಹಾಕಿದ ಆಂಬೇ ಡಾಳ್. ನಮ್ಮ ಪಾನಕ ಕೋಸಂಬರಿಗೆ ಎಷ್ಟು ಹತ್ತಿರದ ನೆಂಟರು! ಅಜ್ಜಿ ಇದನ್ನು ಕಂಡಿದ್ದರೆ ಆ ಮನೆಯಾಕೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಬೇಳೆ ಎಷ್ಟು ಹೊತ್ತು ನೆನೆಸಿದಿರಿ ಅಂತ ಕೇಳದೆ ಏಳುತ್ತಿರಲಿಲ್ಲ. ಈ ವರ್ಷ ಅದನ್ನು ನಾನು ಕೇಳಿದೆ. ನಾಲ್ಕು ಗಂಟೆ ಸಾಕಂತೆ.