ಡಿಕ್ ಕೆರ್ ಕಾರ್ಖಾನೆಯ ಹೆಣ್ಣುಮಕ್ಕಳ ಫುಟ್‌ಬಾಲ್



ಇಂಗ್ಲೆಂಡಿನ ಪ್ರೆಸ್ಟನ್ ಊರಿನಲ್ಲಿ ಡಿಕ್ ಕೆರ್ ಎಂಬ ಕಂಪನಿ ಇತ್ತು. ಟ್ರಾಂ ಗಾಡಿ, ರೈಲು ಎಂಜಿನ್ ಕಟ್ಟುವುದು ಅದರ ಕಸುಬು. ಮೊದಲನೆಯ ಮಹಾಯುದ್ಧ ಬಂತು, ಕಾರ್ಖಾನೆ ಮದ್ದುಗುಂಡಿನದಾಯಿತು, ಗಂಡಸರು ರಣರಂಗಕ್ಕೆ ಹೊರಟರು, ಯಂತ್ರಗಳ ಮುಂದೆ ಹೆಣ್ಣುಮಕ್ಕಳು ಬಂದು ನಿಂತರು. ಬಿಡುವಿನ ಹೊತ್ತಿನಲ್ಲಿ ಅವರು ಅಲ್ಲೇ ಅಂಗಳದಲ್ಲಿ ಹುಡುಗರ ಜೊತೆ ಚೆಂಡು ಒದೆಯುತ್ತಿದ್ದರು. ಕಚೇರಿಯ ನೌಕರ ಆಲ್ಫ್ರೆಡ್ ಫ್ರಾಂಕ್‌ಲ್ಯಾಂಡ್ ಕಿಟಕಿಯಿಂದ ಈ ಆಟ ಕಂಡ. ಇದನ್ನು ಟಿಕೆಟ್ ಇಟ್ಟು ಆಡಿಸಬಹುದು ಅಂತ ಅವನಿಗೆ ಹೊಳೆಯಿತು.

1917ರ ಕ್ರಿಸ್‌ಮಸ್ ದಿನ ಪ್ರೆಸ್ಟನ್ನಿನ ಡೀಪ್‌ಡೇಲ್ ಮೈದಾನದಲ್ಲಿ ಮೊದಲ ಪಂದ್ಯ. ಬಂದವರು ಸುಮಾರು 10,000 ಜನ. ಗಾಯಾಳು ಸೈನಿಕರ ಆಸ್ಪತ್ರೆಗೆ ಹಣ ಕೂಡಿಸುವುದು ಉದ್ದೇಶ. ಡಿಕ್ ಕೆರ್ ತಂಡ 4-0ಯಿಂದ ಗೆದ್ದಿತು. ಹುಡುಗಿಯರು ಏನು ಆಡ್ತಾರೆ ನೋಡೋಣ ಅಂತ ತಮಾಷೆಗೆ ಬಂದವರೂ ಇದ್ದಿರಬೇಕು. ಆದರೆ ತಮಾಷೆಗೆ ಬಂದವರು ಮೂರು ವರ್ಷ ಬರುತ್ತಲೇ ಇರುವುದಿಲ್ಲ.

1920 ಈ ತಂಡದ ದೊಡ್ಡ ವರ್ಷ. ಫ್ರಾನ್ಸಿನ ಮಹಿಳಾ ತಂಡ ಬಂದು ಆಡಿಹೋಯಿತು. ಇವರೂ ಫ್ರಾನ್ಸಿಗೆ ಹೋಗಿಬಂದರು. ಹದಿನಾಲ್ಕರ ಹುಡುಗಿ ಲಿಲಿ ಪಾರ್ ತಂಡ ಸೇರಿದಳು. ಆಳೆತ್ತರ, ಎಡಗಾಲಿನಲ್ಲಿ ಗುಂಡಿನಂಥ ಹೊಡೆತ. ಭತ್ಯೆಯ ಜೊತೆಗೆ ವುಡ್‌ಬೈನ್ ಸಿಗರೇಟೂ ಬೇಕು ಅಂತ ಕೇಳಿ ಪಡೆಯುತ್ತಿದ್ದಳಂತೆ. ಆ ಡಿಸೆಂಬರಿನಲ್ಲಿ ಕೆಲಸವಿಲ್ಲದ ಮಾಜಿ ಸೈನಿಕರ ನೆರವಿಗೆಂದು ರಾತ್ರಿ ಪಂದ್ಯವನ್ನೇ ಆಡಿದರು. ವಿಮಾನ ಹುಡುಕುವ ಸೇನೆಯ ಸರ್ಚ್‌ಲೈಟುಗಳನ್ನು ಮೈದಾನಕ್ಕೆ ತಿರುಗಿಸಿದ್ದರು. ಅದಕ್ಕೆ ಒಪ್ಪಿಗೆ ಕೊಟ್ಟವರು ಆಗಿನ ಯುದ್ಧ ಸಚಿವ ವಿನ್‌ಸ್ಟನ್ ಚರ್ಚಿಲ್. ಕಂದು ಬಣ್ಣದ ತೊಗಲಿನ ಚೆಂಡು ಕತ್ತಲಲ್ಲಿ ಕಾಣಬೇಕಲ್ಲ, ಅದಕ್ಕೇ ಸುಣ್ಣ ಬಳಿದರು.

ಅದೇ ಕ್ರಿಸ್‌ಮಸ್ ರಜೆಯಲ್ಲಿ ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಸೇಂಟ್ ಹೆಲೆನ್ಸ್ ತಂಡದ ಎದುರು ಆಟ. ಒಳಗೆ 53,000 ಪ್ರೇಕ್ಷಕರು. ಜಾಗ ಸಿಗದೆ ಗೇಟಿನಿಂದ ಮರಳಿದವರು ಇನ್ನಷ್ಟು ಸಾವಿರ. ಮುಂಚೂಣಿ ಆಟಗಾರ್ತಿ ಫ್ಲಾರಿ ರೆಡ್‌ಫರ್ಡ್‌ಗೆ ರೈಲು ತಪ್ಪಿಹೋಗಿತ್ತು. ದ್ವಿತೀಯಾರ್ಧದಲ್ಲಿ ನಾಯಕಿ ಆಲಿಸ್ ಕೆಲ್ ತಾನೇ ರಕ್ಷಣಾ ಸಾಲು ಬಿಟ್ಟು ಮುಂದೆ ಬಂದಳು, ಮೂರು ಗೋಲು ಹೊಡೆದಳು. ದತ್ತಿಗೆ ಕೂಡಿದ್ದು 3,000 ಪೌಂಡಿಗೂ ಮೇಲೆ.

ಇಷ್ಟು ಜನ ಬಂದದ್ದೇ ಮುಳುವಾಯಿತು ಅಂತ ನನ್ನ ಲೆಕ್ಕ. 1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಒಂದು ಠರಾವು ಮಾಡಿತು: ಈ ಆಟ ಹೆಂಗಸರಿಗೆ ತಕ್ಕದ್ದಲ್ಲ, ನಮ್ಮ ಕ್ಲಬ್ಬುಗಳು ಅವರಿಗೆ ಮೈದಾನ ಕೊಡಕೂಡದು. ದತ್ತಿಗೆ ಬಂದ ಹಣದಲ್ಲಿ ಅತಿಯಾದ ಪಾಲು ಖರ್ಚಿಗೇ ಹೋಗುತ್ತಿದೆ ಎಂಬ ದೂರೂ ಅದರಲ್ಲಿತ್ತು. ಹೆಣ್ಣಿನ ದೇಹಕ್ಕೆ ಇದು ಒಗ್ಗದು ಅಂತ ಹೇಳುವ ವೈದ್ಯರೂ ಸಿಕ್ಕರು. ಅದೇ ಹೆಂಗಸರು ಯುದ್ಧಕಾಲದಲ್ಲಿ ಹಗಲೂ ರಾತ್ರಿ ಶೆಲ್ ತಯಾರಿಸಿದಾಗ ಈ ವೈದ್ಯರು ಎಲ್ಲಿದ್ದರೋ! ಇನ್ನೊಂದು ಕಾರಣವೂ ಇದ್ದೀತು: 1921ರಲ್ಲೇ ಗಣಿ ಮಾಲೀಕರು ಕಾರ್ಮಿಕರನ್ನು ಹೊರಗಿಟ್ಟು ಬೀಗ ಹಾಕಿದಾಗ, ಮಹಿಳಾ ತಂಡಗಳು ಗಣಿ ಕುಟುಂಬಗಳಿಗಾಗಿಯೂ ಆಡಿದ್ದವು. ಸೈನಿಕರಿಗೆ ಹಣ ಎತ್ತಿದಾಗ ಶಹಬ್ಬಾಸ್ ಅಂದವರಿಗೆ ಇದು ಹಿಡಿಸಿರಲಾರದು.

ಅಲ್ಲಿಗೆ ತಂಡ ಮುಗಿಯಿತು ಅಂದುಕೊಳ್ಳಬೇಡಿ. ಮರುವರ್ಷ ಅಟ್ಲಾಂಟಿಕ್ ದಾಟಿದರು. ಕೆನಡಾದಲ್ಲಿ ಆಡಲು ಬಿಡಲಿಲ್ಲ. ಅಮೆರಿಕದಲ್ಲಿ ಗಂಡಸರ ತಂಡಗಳ ಎದುರಿಗೇ ಇಳಿದು, ಕೆಲವು ಪಂದ್ಯ ಗೆದ್ದೂ ಬಂದರು. ಊರಿನಲ್ಲಿ ರಗ್ಬಿ ಮೈದಾನ, ಪಾರ್ಕು, ಸಿಕ್ಕಲ್ಲಿ ಆಟ. 1926ರಲ್ಲಿ ಕಂಪನಿಗೂ ತಂಡ ನಡೆಸುತ್ತಿದ್ದ ಫ್ರಾಂಕ್‌ಲ್ಯಾಂಡನಿಗೂ ಕೆಟ್ಟಿತು. ಆಮೇಲೆ ತಂಡದ ಹೆಸರು ಪ್ರೆಸ್ಟನ್ ಲೇಡೀಸ್. ಲಿಲಿ ಪಾರ್ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡಿಕೊಂಡೇ 1951ರವರೆಗೂ ಆಡಿದಳು.

1965ರಲ್ಲಿ ಆಟಗಾರ್ತಿಯರು ಸಾಲದೆ ತಂಡ ಮುಚ್ಚಿತು. ಹೀಗೆ ನಿಷೇಧ ಬಂದ ಮೇಲೂ 44 ವರ್ಷ ನಡೆದ ತಂಡ ಇದು. ಒಟ್ಟು ಪಂದ್ಯ 800ಕ್ಕೂ ಹೆಚ್ಚು, ಸೋತದ್ದು ಮೂವತ್ತರೊಳಗೆ.