ಹೃದಯ ಸೋತವರು ನಡೆಯಬಹುದೆ?



ನಮ್ಮ ಶಿಕಾರಿಪುರ, ಸೊರಬದ ಕಡೆ ಯಾವ ಊರಿಗೆ ಹೋದರೂ ಇಂಥ ಮನೆ ಒಂದಾದರೂ ಸಿಗುತ್ತದೆ. ಅತ್ತೆಗೋ ಮಾವನಿಗೋ ಹೃದಯದ ಕಾಯಿಲೆ. ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಒಳಕೋಣೆಯಲ್ಲಿ ಮಂಚ ಹಾಕಿದ್ದಾರೆ. ಊಟ ಅಲ್ಲೇ, ನೀರು ಅಲ್ಲೇ. ಅವರು ಏಳೋಕೆ ಹೋದರೆ ಮನೆಮಂದಿ ಎಲ್ಲ ಕೂಗುತ್ತಾರೆ. "ಸುಮ್ನೆ ಮಲಗಿ, ಏಳಬೇಡಿ!" ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮೂರು ತಿಂಗಳು ಹೀಗೆ ಮಲಗಿದರೆ ಕಾಲಿನ ಮಾಂಸ ಕರಗುತ್ತದೆ. ಆಮೇಲೆ ಬಚ್ಚಲಿಗೆ ಹೋಗಲೂ ಸೊಸೆಯ ಕೈ ಬೇಕು.

ಇವತ್ತು ಆ ಮಾತು ಆಡೋಣ.

ಕೈ ಮುಷ್ಟಿ ಕಟ್ಟಿ ನೋಡಿ. ನಮ್ಮ ಹೃದಯ ಹೆಚ್ಚು ಕಡಿಮೆ ಅಷ್ಟೇ ದೊಡ್ಡದು. ನಿಮಿಷಕ್ಕೆ ಸುಮಾರು 70 ಸಲ ಬಡಿಯುತ್ತದೆ. ದಿನಕ್ಕೆ ಸುಮಾರು 1 ಲಕ್ಷ ಸಲ. ನಾವು ಸುಮ್ಮನೆ ಕೂತಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ.

ಕೆಲವರ ಹೃದಯ ಸೋಲುತ್ತದೆ. ಡಾಕ್ಟರು ಅದಕ್ಕೆ 'ಹಾರ್ಟ್ ಫೇಲ್ಯೂರ್' ಅನ್ನುತ್ತಾರೆ. ಹೃದಯ ನಿಂತುಹೋಯಿತು ಎಂದು ಅದರ ಅರ್ಥ ಅಲ್ಲ. ದೇಹಕ್ಕೆ ಬೇಕಾದಷ್ಟು ರಕ್ತ ಕೊಡಲು ಅದಕ್ಕೆ ಆಗುತ್ತಿಲ್ಲ ಎಂದು ಅರ್ಥ. ಹೃದಯಾಘಾತ ಆದವರಿಗೆ, ಬಹಳ ವರ್ಷ ಬಿ.ಪಿ. ಇದ್ದವರಿಗೆ ಇದು ಬರುತ್ತದೆ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಆಮೇಲೆ ಕೀಲು ಬಾತು ಜ್ವರ ಬಂದು, ಹೃದಯದ ಕವಾಟ ಕೆಟ್ಟವರಿಗೂ ಬರುತ್ತದೆ. ಹೆರಿಗೆಯ ಆಸುಪಾಸಿನಲ್ಲಿ ಬರುವುದೂ ಉಂಟು. ಹಾಗಾಗಿ ಇದು ಬರೀ ಮುದುಕರ ಕಾಯಿಲೆ ಅಲ್ಲ.

ನಾಲ್ಕು ಹೆಜ್ಜೆಗೆ ದಮ್ಮು ಹತ್ತುತ್ತದೆ. ಪಾದ ಬಾಯುತ್ತದೆ, ಬೆರಳಿಂದ ಒತ್ತಿದರೆ ಗುಳಿ ಬೀಳುತ್ತದೆ. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕು. "ವಯಸ್ಸಾಯ್ತು, ಅದಕ್ಕೇ ಸುಸ್ತು" ಅಂತ ನಾವು ಹೆಂಗಸರು ಇದನ್ನು ಮುಚ್ಚಿಡುತ್ತೇವೆ. ಮುಚ್ಚಿಡಬೇಡಿ.

ಹಿಂದೆ ಡಾಕ್ಟರುಗಳೇ "ಮಲಗಿ" ಅನ್ನುತ್ತಿದ್ದರು. ಈಗ ಆ ಮಾತು ಬದಲಾಗಿದೆ. ಕಾಯಿಲೆ ಹಿಡಿತಕ್ಕೆ ಬಂದ ಮೇಲೆ ಸ್ವಲ್ಪ ಸ್ವಲ್ಪ ನಡೆಯಿರಿ ಅನ್ನುತ್ತಾರೆ. ಯಾಕೆ?

ತೋಟಕ್ಕೆ ನೀರು ಬಿಡುವವರಿಗೆ ಇದು ಬೇಗ ಅರ್ಥ ಆಗುತ್ತದೆ. ಪಂಪು ಹಳೆಯದು, ನೀರು ಕಡಿಮೆ ಎತ್ತುತ್ತದೆ. ಕಾಲುವೆಯಲ್ಲಿ ಹೂಳು ತುಂಬಿದ್ದರೆ ಆ ನೀರೂ ಅಡಿಕೆ ಮರಕ್ಕೆ ಮುಟ್ಟುವುದಿಲ್ಲ. ಹೂಳು ತೆಗೆಯಿರಿ. ಪಂಪು ಅದೇ, ನೀರು ಅಷ್ಟೇ, ಆದರೆ ಕೊನೆಯ ಮರಕ್ಕೂ ಮುಟ್ಟುತ್ತದೆ. ನಡೆದು ಪಳಗಿದ ಕಾಲು ಹಾಗೆ. ಬಂದಷ್ಟು ರಕ್ತದಲ್ಲೇ ಹೆಚ್ಚು ಕೆಲಸ ಮಾಡುತ್ತದೆ. ಹೃದಯದ ಮೇಲೆ ಭಾರ ಕಡಿಮೆ.

2009ರಲ್ಲಿ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಅಮೆರಿಕ, ಕೆನಡಾ, ಫ್ರಾನ್ಸ್ ದೇಶಗಳ 2,331 ರೋಗಿಗಳು ಅದರಲ್ಲಿ ಇದ್ದರು. ಅರ್ಧ ಜನಕ್ಕೆ ಔಷಧದ ಜೊತೆ ವ್ಯಾಯಾಮ ಕಲಿಸಿದರು. ಇನ್ನರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ. ವ್ಯಾಯಾಮದಿಂದ ಅಪಾಯ ಹೆಚ್ಚಲಿಲ್ಲ. ಆಯಸ್ಸು ಬಹಳ ಬೆಳೆಯಿತು ಅಂತ ನಾನು ಹೇಳೋದಿಲ್ಲ. ಆದರೆ ದಿನದ ಬದುಕು ಹಗುರವಾಯಿತು. ಅಂದ ಹಾಗೆ, ಅವರಲ್ಲಿ ಹೆಂಗಸರು ನೂರಕ್ಕೆ 28 ಮಾತ್ರ! ಅಲ್ಲೂ ನಾವು ಹಿಂದೆಯೇ.

ದೊಡ್ಡ ಊರುಗಳಲ್ಲಿ ಇದನ್ನು ಆಸ್ಪತ್ರೆಯಲ್ಲೇ ಕಲಿಸುತ್ತಾರೆ. ವಾರಕ್ಕೆ ಮೂರು ದಿನ ಹೋಗಬೇಕು. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿಲೋಮೀಟರ್. ಸೊರಬದಿಂದ ಇನ್ನೂ ದೂರ. ಕೂಲಿ ಬಿಟ್ಟು ಯಾರು ಹೋಗುತ್ತಾರೆ? ಆದರೆ ಬ್ರಿಟನ್ ದೇಶದಲ್ಲಿ 216 ರೋಗಿಗಳ ಮೇಲೆ ಇನ್ನೊಂದು ಅಧ್ಯಯನ ನಡೆಯಿತು. ಅಲ್ಲಿ ಅರ್ಧ ಜನಕ್ಕೆ 12 ವಾರ ಮನೆಯಲ್ಲೇ ವ್ಯಾಯಾಮ ಹೇಳಿಕೊಟ್ಟರು. ಮನೆಯವರನ್ನೂ ಜೊತೆಗೆ ಸೇರಿಸಿಕೊಂಡರು. ಅವರಿಗೂ ಗುಣ ಕಂಡಿತು. ಹಾಗಾಗಿ ನಮಗೂ ದಾರಿ ಉಂಟು.

ಮೊದಲು ಡಾಕ್ಟರನ್ನು ಕೇಳಿ. ಇದು ಮುಖ್ಯ. ಕವಾಟ ಬಹಳ ಕಿರಿದಾದವರು ಕೇಳದೆ ನಡೆಯಬಾರದು. ಡಾಕ್ಟರು ಹೂಂ ಅಂದ ಮೇಲೆ ಮನೆ ಮುಂದಿನ ಸಮದಾರಿಯಲ್ಲಿ ಶುರು ಮಾಡಿ. ದಿನಕ್ಕೆ ಎರಡು ಸಲ, ಸಲಕ್ಕೆ 5 ನಿಮಿಷ. ಚಂದ್ರಗುತ್ತಿ ಗುಡ್ಡ ಹತ್ತೋದಲ್ಲ! ಊಟ ಆದ ಕೂಡಲೇ ಬೇಡ, ಒಂದು ಗಂಟೆ ಬಿಡಿ. ಉರಿಬಿಸಿಲೂ ಬೇಡ. ಮೈಗೆ ಒಗ್ಗಿದರೆ ವಾರಕ್ಕೆ ಒಂದೆರಡು ನಿಮಿಷ ಹೆಚ್ಚಿಸಿ. ಹೀಗೆ ದಿನಕ್ಕೆ 30 ನಿಮಿಷದ ತನಕ ಹೋಗಬಹುದು.

ಎಷ್ಟು ಜೋರಾಗಿ ನಡೆಯಬೇಕು? ಜೊತೆಯವರ ಸಂಗಡ ಮಾತಾಡೋಕೆ ಆಗಬೇಕು. ಸೋಬಾನೆ ಪದ ಹಾಡೋಕೆ ಆಗಬಾರದು. ಹಾಡೋಕೆ ಬಂದರೆ ನಡಿಗೆ ನಿಧಾನ ಆಯಿತು. ಮಾತೇ ಬಾರದಿದ್ದರೆ ಜಾಸ್ತಿ ಆಯಿತು.

ಒಬ್ಬ ಅಕ್ಕ ಕೇಳಿದರು, "ಟೀಚರೇ, ಬೆಳಗಿಂದ ರಾತ್ರಿ ತನಕ ದುಡೀತೀವಿ. ಅದೇ ವ್ಯಾಯಾಮ ಅಲ್ವಾ?" ಒಳ್ಳೆ ಪ್ರಶ್ನೆ. ನೋಡಿ, ತುಂಬಿದ ಕೊಡಪಾನ ಎತ್ತುವಾಗ ನಾವು ಉಸಿರು ಬಿಗಿ ಹಿಡಿಯುತ್ತೇವೆ. ಆಗ ಹೃದಯದ ಮೇಲೆ ಒಮ್ಮೆಗೇ ಭಾರ ಬೀಳುತ್ತದೆ. ಸುಸ್ತಾದರೂ ನಿಲ್ಲಿಸುವ ಹಾಗಿಲ್ಲ, ಒಲೆ ಮೇಲೆ ಅನ್ನ ಇರುತ್ತದೆ. ನಡಿಗೆಯಲ್ಲಿ ಭಾರ ಇಲ್ಲ. ಬೇಕಾದಲ್ಲಿ ನಿಲ್ಲಬಹುದು. ಹೃದಯ ಸೋತ ಹೆಂಗಸು ಕೊಡಪಾನ ಹೊರಬಾರದು, ದಿನಾ ನಡೆಯಬೇಕು. ಮನೆಯಲ್ಲಿ ಇದನ್ನು ಗಂಡಸರಿಗೂ ಓದಿ ಹೇಳಿ. ನೀರು ಅವರೂ ಹೊರಲಿ.

ನಡೆಯುವಾಗ ಎದೆ ನೋವು, ತಲೆಸುತ್ತು, ವಿಪರೀತ ದಮ್ಮು ಬಂದರೆ ನಿಂತು ಕೂರಿ. ಕೂತರೂ ಕಡಿಮೆ ಆಗದಿದ್ದರೆ 108ಕ್ಕೆ ಫೋನು ಮಾಡಿಸಿ. ಜ್ವರ ಇದ್ದ ದಿನ, ಬಾವು ಹೆಚ್ಚಿದ ದಿನ ನಡೆಯಬೇಡಿ. ನಡೀತೀವಿ ಅಂತ ಮಾತ್ರೆ ಬಿಡಬೇಡಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ದೂರ ಇಡಿ. ಉಪ್ಪು ಮೈಯಲ್ಲಿ ನೀರು ನಿಲ್ಲಿಸುತ್ತದೆ.

ಈಗ ನೀವು ಅಕ್ಷರ ಕಲಿತಿದ್ದೀರಿ. ಒಂದು ನೋಟ್ ಪುಸ್ತಕ ಇಡಿ. ಬೆಳಿಗ್ಗೆ ತಿಂಡಿಗೆ ಮೊದಲು ತೂಕ ನೋಡಿ ಬರೆಯಿರಿ. ಮನೆಯಲ್ಲಿ ತೂಕದ ಯಂತ್ರ ಇಲ್ಲದಿದ್ದರೆ ಅಂಗನವಾಡಿಯಲ್ಲಿ ಕೇಳಿ. ಮೂರು ದಿನದಲ್ಲಿ 2 ಕಿಲೋ ಹೆಚ್ಚಿದರೆ ಅದು ಮೈ ಬಂದದ್ದಲ್ಲ, ನೀರು ತುಂಬಿದ್ದು. ಕೂಡಲೇ ಆಸ್ಪತ್ರೆಗೆ ಹೋಗಿ. ನಡೆದದ್ದನ್ನು ಕರೆಂಟ್ ಕಂಬದ ಲೆಕ್ಕದಲ್ಲಿ ಬರೆಯಿರಿ. ಹೀಗೆ:

ತಾರೀಕು 12. ತೂಕ 48. ಕಂಬ 6. ದಮ್ಮು ಇಲ್ಲ.
ತಾರೀಕು 13. ತೂಕ 48. ಕಂಬ 7. ಸ್ವಲ್ಪ ದಮ್ಮು.

ಡಾಕ್ಟರ ಹತ್ತಿರ ಹೋಗುವಾಗ ಆ ಪುಸ್ತಕ ಚೀಲದಲ್ಲಿ ಇರಲಿ. "ಎಷ್ಟು ದೂರ ನಡೀತೀರಮ್ಮ?" ಅಂತ ಅವರು ಕೇಳುತ್ತಾರೆ. ಆಗ ಯಜಮಾನರ ಮುಖ ನೋಡಬೇಡಿ. ಪುಸ್ತಕ ತೆಗೆದು ಕೊಡಿ.